ಆರರ ಮಗ್ಗಿಯ ಸಂಚಿ

ಏಳು ವರ್ಷದ ನನ್ನ ಮೊಮ್ಮಗಳ ಚರಾಸ್ತಿಯೆಲ್ಲವೂ ಕಳೆದ ಬೇಸಿಗೆಯವರೆಗೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಡಕವಾಗಿದ್ದಿತು. ಐದು ರೂಪಾಯಿಯ ಎರಡು ನಾಣ್ಯ, ಚೌಕಾಬಾರಕ್ಕೆಂದು ಕೂಡಿಟ್ಟ ಕವಡೆ, ಹಸಿರು ಬಳೆಯ ಚೂರು, ಯಾರದೋ ರವಿಕೆಯಿಂದ ಉದುರಿದ ಮುತ್ತು, ಅರ್ಧ ಸವೆದ ರಬ್ಬರು ಇವಿಷ್ಟೇ ಆ ಆಸ್ತಿಯ ಪಟ್ಟಿ. ಆದರೆ ಅದರ ಒಡತಿಗೆ ಅದನ್ನು ಅಗಲಿ ಒಂದು ಗಳಿಗೆ ಇರುವುದೂ ಸಾಧ್ಯವಿರಲಿಲ್ಲ. ಬಂಧುಗಳ ಮನೆಯಲ್ಲಿ ಮದುವೆಯೊಂದು ನಿಶ್ಚಯವಾದಾಗ ಆಕೆ ನನ್ನ ಬಳಿ ಬಂದು, “ಅಜ್ಜೀ, ಮದ್ವೆಗೆ ಈ ಡಬ್ಬಿ ತೊಗೊಂಡ್ ಹೋದ್ರೆ ಎಲ್ರೂ ನಗ್ತಾರೆ. ನಂಗೊಂದು ಪರ್ಸ್ ಮಾಡ್ಕೊಡು” ಎಂದಳು. ಅಂಗಡಿಯಲ್ಲಿ ತೂಗುಹಾಕಿರುವ ಥಳಕಿನ ಪ್ಲಾಸ್ಟಿಕ್ ಪರ್ಸುಗಳನ್ನು ಆಕೆ ಕಾಣದವಳೇನಲ್ಲ. ಆದರೂ ‘ಕೊಡಿಸು’ ಎನ್ನದೆ ‘ಮಾಡಿಕೊಡು’ ಎಂದಳಲ್ಲ, ಆ ಒಂದು ಕ್ರಿಯಾಪದಕ್ಕೆ ಸೋತು, ಬಹುಕಾಲದಿಂದ ಬೀರುವಿನ ಮೂಲೆಯಲ್ಲಿ ವಿಶ್ರಮಿಸಿದ್ದ ನನ್ನ ಕ್ರೋಶಾ ಕಡ್ಡಿಯನ್ನು ಹೊರಗೆ ತೆಗೆದೆ.

ಕ್ರೋಶಾ ಎಂಬ ಹೆಸರು ಫ್ರೆಂಚ್ ಭಾಷೆಯಿಂದ ಬಂದುದು. ಅಲ್ಲಿ ಅದಕ್ಕೆ ಚಿಕ್ಕ ಕೊಕ್ಕೆ ಎಂದಷ್ಟೇ ಅರ್ಥ. ಹೆಸರು ಪರದೇಶದ್ದಾದರೂ, ಕಳೆದ ಶತಮಾನದ ನಡುಭಾಗದಲ್ಲಿ ನಮ್ಮ ಮಧ್ಯಮವರ್ಗದ ಮನೆಗಳನ್ನು ಹೊಕ್ಕು ನೋಡಿದವರಿಗೆ ಈ ವಿದ್ಯೆ ಅಪರಿಚಿತವಾಗಿರಲಾರದು. ರೇಡಿಯೋ ಪೆಟ್ಟಿಗೆಯ ಮೇಲೆ ಮೂರು ಮೂಲೆ ಇಳಿಬಿಟ್ಟ ಬಿಳಿಯ ಹೊದಿಕೆ, ನೀರಿನ ಹೂಜಿಯ ಬಾಯಿಗೆ ಅಂಚಿನಲ್ಲಿ ಮಣಿ ಪೋಣಿಸಿದ ಮುಚ್ಚಿಗೆ, ನಡುಮನೆಯ ಬಾಗಿಲಿಗೆ ತೋರಣ, ತೊಟ್ಟಿಲ ಕೂಸಿಗೆ ಕುಲಾವಿ, ಹೀಗೆ ಮುಚ್ಚಬಹುದಾದ ಯಾವ ವಸ್ತುವನ್ನೂ ನಮ್ಮ ಹಿರಿಯ ಹೆಂಗಸರು ಬರಿದಾಗಿ ಬಿಡುತ್ತಿರಲಿಲ್ಲ. ಆ ಉತ್ಸಾಹ ಸ್ವಲ್ಪ ಅತಿಯಾಗಿಯೇ ಇದ್ದಿತೆಂದು ನನ್ನ ಎಣಿಕೆ. ಟೆಲಿಫೋನಿಗೂ ಅಂಗಿ ತೊಡಿಸಿದ ಮನೆಯೊಂದನ್ನು ನಾನು ಕಂಡಿದ್ದೇನೆ. ರೇಡಿಯೋ ಹೋಯಿತು, ಹೂಜಿಯೂ ಹೋಯಿತು. ಆದರೆ ಅದೇ ಕಡ್ಡಿ ಇಂದು ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದಕ್ಕೆ ತಿರುಗಿಕೊಂಡು, ಬೆಂಗಳೂರು ಮೈಸೂರುಗಳ ಬಡಾವಣೆಗಳಲ್ಲಿ ಎಷ್ಟೋ ಮಂದಿ ಹೆಂಗಸರ ಮಧ್ಯಾಹ್ನದ ಸಂಪಾದನೆಗೆ ಸಾಧನವಾಗಿದೆ.

ನನಗೆ ಇದನ್ನು ಕಲಿಸಿದವರು ನನ್ನ ಸೋದರತ್ತೆ. ಅವರು ಪುಸ್ತಕ ನೋಡಿ ಹೆಣೆದವರಲ್ಲ. ಅವರ ಪರಿಭಾಷೆಯೆಲ್ಲ ಮನೆಯೊಳಗೇ ಹುಟ್ಟಿದ್ದು. ಕುಣಿಕೆಯೊಳಗೆ ಕುಣಿಕೆ ಎಳೆದುಕೊಂಡು ಹೋಗುವುದು ಸರಪಳಿ, ಅದರ ಮೇಲೆ ನಿಲ್ಲಿಸುವ ಮೋಟು ಹೆಣಿಗೆ ಗಿಡ್ಡ ಕಂಬ, ದಾರವನ್ನು ಮೊದಲೇ ಒಂದು ಸುತ್ತು ಸುತ್ತಿಕೊಂಡು ಹಾಕುವುದು ಉದ್ದ ಕಂಬ, ಕಂಬವನ್ನು ನೆಡುವ ತೂತು ಮನೆ. ಈ ಹೆಸರುಗಳಿಂದ ನನಗೊಂದು ಉಪಕಾರವಾಯಿತೆಂಬುದು ಬಹಳ ವರ್ಷಗಳ ಮೇಲೆ ತಿಳಿದುಬಂದಿತು. ಏಕೆಂದರೆ ಯಾವ ಹೆಣಿಗೆಯನ್ನು ಬ್ರಿಟಿಷರ ಪುಸ್ತಕಗಳು ‘ಡಬಲ್’ ಎನ್ನುವುವೋ ಅದನ್ನೇ ಅಮೆರಿಕದ ಪುಸ್ತಕಗಳು ‘ಸಿಂಗಲ್’ ಎಂದು ಕರೆಯುವುದರಿಂದ, ಎರಡನ್ನೂ ಓದಿ ಕಲಿತವರು ಅರ್ಧ ದಾರಿಯಲ್ಲಿ ಬಿಚ್ಚಿ ಮತ್ತೆ ಹೆಣೆಯಬೇಕಾದ ಪ್ರಸಂಗ ಸಾಮಾನ್ಯ. ಗಿಡ್ಡ ಕಂಬಕ್ಕೆ ಆ ತಾಪತ್ರಯವಿಲ್ಲ. ಅದು ಎಲ್ಲಿದ್ದರೂ ಗಿಡ್ಡವೇ.

ಕೆಲಸದ ಮೂಲಕ್ರಿಯೆ ಹೇಳುವುದಕ್ಕೆ ಬಹಳ ಸುಲಭ. ಕಡ್ಡಿಯ ಮೇಲೆ ಒಂದು ಕುಣಿಕೆ ಇರುತ್ತದೆ. ಕೊಕ್ಕೆಯನ್ನು ಕೆಳಸುತ್ತಿನ ಮನೆಯೊಳಕ್ಕೆ ತೂರಿಸಿ, ಎಡಗೈಯ ತೋರುಬೆರಳಿನ ಮೇಲೆ ಬಿಗಿಯಾಗಿ ಹಾಯ್ದಿರುವ ದಾರವನ್ನು ಸಿಕ್ಕಿಸಿಕೊಂಡು ಈಚೆಗೆ ಎಳೆದರೆ ಕುಣಿಕೆ ಎರಡಾಗುತ್ತದೆ. ಮತ್ತೊಮ್ಮೆ ದಾರವನ್ನು ಸಿಕ್ಕಿಸಿ ಆ ಎರಡರೊಳಗಿಂದಲೂ ಒಟ್ಟಿಗೆ ಎಳೆದರೆ ಪುನಃ ಒಂದೇ ಉಳಿಯುತ್ತದೆ. ಇದೊಂದು ಗಿಡ್ಡ ಕಂಬ. ಎರಡು ಕಡ್ಡಿಗಳ ಉಣ್ಣೆಯ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲವೂ ಏಕಕಾಲಕ್ಕೆ ಕಡ್ಡಿಯನ್ನು ಆಶ್ರಯಿಸಿರುವುದರಿಂದ ಕಡ್ಡಿ ಜಾರಿತೆಂದರೆ ಸಾಲೇ ಜಾರುವುದು. ಇಲ್ಲಿ ಎಷ್ಟು ದೊಡ್ಡ ವಸ್ತುವಾದರೂ ಅದರ ಪ್ರಾಣವೆಲ್ಲ ಕಟ್ಟಕಡೆಯ ಒಂದು ಕುಣಿಕೆಯಲ್ಲಿದೆ. ಒಲೆಯ ಮೇಲೆ ಹಾಲು ಉಕ್ಕಿತೆಂದು ಎದ್ದು ಹೋಗುವಾಗ ಆ ಕುಣಿಕೆಯನ್ನು ಸ್ವಲ್ಪ ದೊಡ್ಡದಾಗಿ ಎಳೆದಿಟ್ಟರೆ ಸಾಕು. ಕೆಲಸವನ್ನು ಹತ್ತು ಸಲ ಬಿಟ್ಟು ಹತ್ತು ಸಲ ಹಿಡಿಯಬೇಕಾದ ಗೃಹಸ್ಥೆಯರಿಗೆ ಈ ಕಲೆ ಒಗ್ಗಿ ಬಂದುದಕ್ಕೆ ಇದೂ ಒಂದು ಕಾರಣವಾಗಿದ್ದಿರಬೇಕು.

ದಾರದ ವಿಷಯ. ಮಕ್ಕಳ ಸಂಚಿಗೆ ಉಲ್ಲನ್ ಬೇಡ, ಹತ್ತಿಯ ದಾರವೇ ಲೇಸು. ಉಲ್ಲನ್ ಹಿಗ್ಗುವುದರಿಂದ ನಾಲ್ಕು ನಾಣ್ಯ ಬಿದ್ದೊಡನೆ ಸಂಚಿ ಜೋತುಬೀಳುತ್ತದೆ. ಜೊತೆಗೆ ಕೈಯಾಡಿದ ಕಡೆಯೆಲ್ಲ ಜುಂಜು ಏಳುತ್ತದೆ. ಕ್ರೋಶಾ ದಾರದ ಉಂಡೆಗಳ ಮೇಲೆ ಬರೆದಿರುವ ಅಂಕಿ ಹೆಚ್ಚಿದಂತೆಲ್ಲ ಎಳೆ ಸಣ್ಣದಾಗುವುದೆಂಬುದನ್ನು ಮರೆಯಬಾರದು. 40ರ ದಾರ 10ರ ದಾರಕ್ಕಿಂತ ತೀರ ನವುರು, ಕರವಸ್ತ್ರದ ಅಂಚಿಗೆ ಸರಿ. ನಾನು ಆಯ್ದುಕೊಂಡುದು ಇವೆರಡಕ್ಕಿಂತಲೂ ದಪ್ಪನೆಯ ಹತ್ತಿಯ ದಾರ ಮತ್ತು 2.5 ಮಿಲಿಮೀಟರಿನ ಕಡ್ಡಿ. ಬಣ್ಣ ದಾಳಿಂಬೆ ಹೂವಿನ ಕೆಂಪು, ಅಂಚಿಗೆ ಕೆನೆಬಣ್ಣ. ಕೆಂಪು ದಾರವನ್ನು ನಂಬಿ ಕೆಟ್ಟವಳು ನಾನಾದ್ದರಿಂದ ಇಷ್ಟು ಹೇಳುತ್ತೇನೆ: ಒಂದು ಗೇಣು ದಾರವನ್ನು ನೆನೆಸಿ ಬಿಳಿಯ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಟ್ಟು, ಬೆಳಗ್ಗೆ ಬಟ್ಟೆ ಬಿಳಿಯಾಗಿಯೇ ಇದ್ದರೆ ಮಾತ್ರ ಮುಂದಿನ ಕೆಲಸ.

ಇನ್ನು ತಳ. ಸಂಚಿಯ ಗುಟ್ಟೆಲ್ಲ, ಯಾರೂ ನೋಡದ ಈ ತಳದಲ್ಲಿದೆ. ಬೆರಳಿಗೆ ದಾರ ಸುತ್ತಿ ಒಂದು ಜೀರುಕುಣಿಕೆ ಮಾಡಿ, ಅದರೊಳಗೆ ಆರು ಗಿಡ್ಡ ಕಂಬಗಳನ್ನು ನೆಟ್ಟು, ಬಾಲವನ್ನು ಎಳೆದು ಬಿಗಿದರೆ ಮೆಣಸಿನ ಕಾಳಿಗಿಂತ ತುಸು ದೊಡ್ಡ ಬಿಲ್ಲೆಯಾಗುತ್ತದೆ. ಎರಡನೆಯ ಸುತ್ತಿನಲ್ಲಿ ಪ್ರತಿಯೊಂದು ಮನೆಯಲ್ಲೂ ಎರಡೆರಡು ಕಂಬ, ಒಟ್ಟು ಹನ್ನೆರಡು. ಮೂರನೆಯದರಲ್ಲಿ ಒಂದು ಮನೆ ಬಿಟ್ಟು ಒಂದರಲ್ಲಿ ಜೋಡಿ, ಒಟ್ಟು ಹದಿನೆಂಟು. ನಾಲ್ಕನೆಯದರಲ್ಲಿ ಎರಡು ಬಿಟ್ಟು ಜೋಡಿ, ಇಪ್ಪತ್ತುನಾಲ್ಕು. ನಮ್ಮತ್ತೆ ಜಗಲಿಯಲ್ಲಿ ಕಾಲು ಚಾಚಿ ಕುಳಿತು, “ಆರೊಂದ್ಲಾರು, ಆರೆರಡ್ಲ ಹನ್ನೆರಡು, ಆರ್ಮೂರ್ಲ ಹದಿನೆಂಟು” ಎಂದು ಗುನುಗಿಕೊಂಡು ಹೆಣೆಯುತ್ತಿದ್ದುದನ್ನು ಕೇಳಿ, ಅವರು ಯಾವುದೋ ಸ್ತೋತ್ರ ಹೇಳುತ್ತಿದ್ದಾರೆಂದು ಬೀದಿಯವರು ಭಾವಿಸಿದ್ದುಂಟು. ಮಗ್ಗಿ ಹತ್ತಕ್ಕೆ ಮುಗಿಯುವಂತೆ ಈ ತಳವೂ ಹತ್ತು ಸುತ್ತಿಗೆ ಅರವತ್ತು ಕಂಬಗಳಾಗಿ, ಸುಮಾರು ಆರು ಸೆಂಟಿಮೀಟರ್ ಅಡ್ಡಳತೆಗೆ ಬಂದು, ಪುಟ್ಟ ಕೈಯಲ್ಲಿ ಹಿಡಿಯುವ ಸಂಚಿಗೆ ಸರಿಯಾಗಿ ಮುಗಿಯುತ್ತದೆ.

ಆರೇ ಏಕೆ, ಐದೋ ಏಳೋ ಏಕಾಗಬಾರದು ಎಂದು ಬಾಲ್ಯದಲ್ಲಿ ಕೇಳಿ ನಾನು ಗದರಿಸಿಕೊಂಡದ್ದುಂಟು. ಉತ್ತರ ಶಾಲೆಯ ರೇಖಾಗಣಿತದಲ್ಲಿಯೇ ಇದ್ದಿತು, ಅಲ್ಲಿ ಅದನ್ನು ಯಾರೂ ದಾರದಲ್ಲಿ ತೋರಿಸಲಿಲ್ಲ. ವೃತ್ತದ ಸುತ್ತಳತೆ ಅದರ ತ್ರಿಜ್ಯದ ಆರು ಪಾಲಿಗಿಂತ ತುಸು ಹೆಚ್ಚು, ಲೆಕ್ಕಕ್ಕೆ 6.28. ಗಿಡ್ಡ ಕಂಬ ಎಷ್ಟು ಎತ್ತರವೋ ಹೆಚ್ಚುಕಡಮೆ ಅಷ್ಟೇ ಅಗಲ. ಆದುದರಿಂದ ಒಂದು ಸುತ್ತು ಹೆಣೆದಾಗ ತ್ರಿಜ್ಯವು ಒಂದು ಕಂಬದಷ್ಟು ಬೆಳೆದರೆ ಸುತ್ತಳತೆಯು ಆರು ಕಂಬಗಳಷ್ಟು ಬೆಳೆಯಲೇಬೇಕು. ಉಳಿದ ಕಾಲುಭಾಗದ ಕೊರತೆಯನ್ನು ದಾರವೇ ತನ್ನ ಹಿಗ್ಗಿನಿಂದ ತುಂಬಿಕೊಡುತ್ತದೆ. ಸುತ್ತಿಗೆ ನಾಲ್ಕರಂತೆ ಮಾತ್ರ ಏರಿಸಿದರೆ ಅಂಚು ಬಿಗಿದುಕೊಂಡು ತಳವು ಟೋಪಿಯಾಗುತ್ತದೆ. ಒಂಬತ್ತು ಹತ್ತು ಏರಿಸಿದರೆ ಅಂಚಿಗೆ ಜಾಗ ಸಾಲದೆ ಅಲೆಯಲೆಯಾಗಿ ಮುದುಡಿಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮವುಂಟು: ಜೋಡಿ ಕಂಬಗಳನ್ನು ಪ್ರತಿ ಸುತ್ತಿನಲ್ಲೂ ಒಂದರ ನೆತ್ತಿಯ ಮೇಲೊಂದರಂತೆಯೇ ಇಟ್ಟುಕೊಂಡು ಹೋದರೆ ವೃತ್ತಕ್ಕೆ ಆರು ಮೂಲೆಗಳು ಮೂಡಿ ಅದು ಷಟ್ಕೋನವಾಗುವುದರಿಂದ, ಆಗಾಗ ಅವುಗಳ ಸ್ಥಾನವನ್ನು ಸ್ವಲ್ಪ ಪಲ್ಲಟ ಮಾಡಬೇಕು.

ಈ ಸಲ ಬಹಳ ಕಾಲದ ಮೇಲೆ ಕಡ್ಡಿ ಹಿಡಿದವಳು, ಮಾತಿನ ಭರದಲ್ಲಿ ಎಣಿಕೆ ತಪ್ಪಿ, ನಾಲ್ಕನೆಯ ಸುತ್ತಿನಿಂದಾಚೆಗೆ ಮನ ಬಂದಂತೆ ಏರಿಸಿಕೊಂಡು ಹೋಗಿದ್ದೆ. ಮೊಮ್ಮಗಳು ಬಂದು ನೋಡಿ, “ಅಜ್ಜೀ, ಇದು ಪರ್ಸಲ್ಲ, ಹೂಕೋಸು” ಎಂದು ತೀರ್ಪು ಕೊಟ್ಟಳು. ಆ ಹೂಕೋಸಿಗೆ ಗಣಿತಶಾಸ್ತ್ರದಲ್ಲಿ ಗೌರವದ ಸ್ಥಾನವಿದೆಯೆಂದು ಆಕೆಗೆ ಹೇಳಿ ಪ್ರಯೋಜನವಿರಲಿಲ್ಲ; ವಾಚಕರಿಗೆ ಹೇಳಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಲೊಬಾಚೆವ್‌ಸ್ಕಿ, ಬೊಲ್ಯಾಯಿ ಮೊದಲಾದವರು ಯೂಕ್ಲಿಡ್ಡನ ಕಟ್ಟಳೆಗಳನ್ನು ಮೀರಿದ ಒಂದು ರೇಖಾಗಣಿತವನ್ನು ಕಲ್ಪಿಸಿದರು. ಅದರ ಹೈಪರ್ಬಾಲಿಕ್ ಸಮತಲವೆಂಬುದನ್ನು ಕೈಯಲ್ಲಿ ಹಿಡಿದು ನೋಡುವಂತೆ ಮಾಡುವುದು ಬಹುಕಾಲ ಕಷ್ಟವಾಗಿಯೇ ಉಳಿದು, ಕಾಗದದ ಮಾದರಿಗಳು ಮುಟ್ಟಿದರೆ ಹರಿಯುತ್ತಿದ್ದುವು. 1997ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ದೈನಾ ತೈಮಿನಾ ಅವರು ಅದನ್ನು ಕ್ರೋಶಾ ಕಡ್ಡಿಯಿಂದ ಹೆಣೆದು ತೋರಿಸಿದರು. ಮಾಡಿದ್ದು ಇಷ್ಟೇ: ಇಂತಿಷ್ಟು ಮನೆಗೊಂದು ಜೋಡಿಯೆಂದು ಕೊನೆಯವರೆಗೂ ಒಂದೇ ಪ್ರಮಾಣದಲ್ಲಿ ಏರಿಸುತ್ತ ಹೋದುದು. ನನ್ನ ತಪ್ಪನ್ನೇ ಅವರು ನಿಯಮಬದ್ಧವಾಗಿ ಮಾಡಿದ್ದರೆಂದು ಸಮಾಧಾನಪಟ್ಟುಕೊಂಡು, ಹೂಕೋಸನ್ನು ಬಿಚ್ಚಿ ಮೊದಲಿನಿಂದ ಆರಂಭಿಸಿದೆ.

ಅರವತ್ತು ಕಂಬಗಳ ತಳ ಮುಗಿದಮೇಲೆ ಗೋಡೆ ಎಬ್ಬಿಸುವುದಕ್ಕೆ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ, ಏರಿಸುವುದನ್ನು ನಿಲ್ಲಿಸಿದರೆ ಸಾಕು. ಹನ್ನೊಂದನೆಯ ಸುತ್ತಿನಲ್ಲಿ ಅರವತ್ತು, ಹನ್ನೆರಡನೆಯದರಲ್ಲಿಯೂ ಅರವತ್ತು; ಅಗಲಕ್ಕೆ ಹೋಗಲು ದಾರಿಯಿಲ್ಲದೆ ಹೆಣಿಗೆ ತಾನಾಗಿ ಮೇಲಕ್ಕೆ ತಿರುಗುವುದನ್ನು ಎಷ್ಟು ಸಲ ಕಂಡರೂ ನನಗೆ ಬೇಸರವಿಲ್ಲ. ಸುರುಳಿಯಾಗಿ ಸಾಗುವ ಈ ಹೆಣಿಗೆಯಲ್ಲಿ ಸುತ್ತಿನ ಮೊದಲು ಯಾವುದು ಕೊನೆ ಯಾವುದು ಎಂಬುದು ಕಣ್ಣಿಗೆ ತಿಳಿಯುವುದಿಲ್ಲವಾದ್ದರಿಂದ ಮೊದಲ ಕಂಬಕ್ಕೊಂದು ಪಿನ್ನು ಚುಚ್ಚಿಟ್ಟು, ಸುತ್ತು ಮುಗಿದಂತೆಲ್ಲ ಅದನ್ನು ಮೇಲಕ್ಕೆ ಸರಿಸುತ್ತ ಹೋಗಬೇಕು. ಇಪ್ಪತ್ತು ಸುತ್ತುಗಳಾದಾಗ ಗೋಡೆಯೂ ಆರು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ತಳಕ್ಕೆ ಮುನ್ನೂರ ಮೂವತ್ತು, ಗೋಡೆಗೆ ಸಾವಿರದ ಇನ್ನೂರು. ಅಲ್ಲಿಗೆ ಒಂದೂವರೆ ಸಾವಿರ ಮೀರಿದ ಕಂಬಗಳಾದವು, ಕತ್ತರಿ ಮಾತ್ರ ಇನ್ನೂ ದಾರವನ್ನು ಮುಟ್ಟಿರಲಿಲ್ಲ.

ಮೊತ್ತಮೊದಲಿಗೆ ಅಚ್ಚಾದ ಕ್ರೋಶಾ ಪಾಠವೂ ಇಂಥ ಸಂಚಿಗಳದೇ ಎಂಬುದನ್ನು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕ್ರೋಶಾ ಎಂಬ ಶಬ್ದವನ್ನು ಇಂದಿನ ಅರ್ಥದಲ್ಲಿಯೇ ಬಳಸಿ ವಿಧಾನವನ್ನು ವಿವರಿಸಿದ, ನಮಗೆ ತಿಳಿದಂತೆ ಅತ್ಯಂತ ಹಳೆಯ ಮುದ್ರಿತ ಲೇಖನ 1823ರಲ್ಲಿ ‘ಪೆನೆಲೊಪೆ’ ಎಂಬ ಡಚ್ ಪತ್ರಿಕೆಯಲ್ಲಿ ಬಂದಿತು. ಅದರೊಡನಿದ್ದ ವರ್ಣಚಿತ್ರದಲ್ಲಿ ಐದು ಬಗೆಯ ಹಣದ ಸಂಚಿಗಳಿದ್ದು, ಅವುಗಳಲ್ಲಿ ಮೂರು ರೇಷ್ಮೆಯ ದಾರದಿಂದ ಕ್ರೋಶಾದಲ್ಲಿ ಹೆಣೆಯತಕ್ಕವು. ಮೂರನೆಯದಂತೂ ಪೂರ್ತಿಯಾಗಿ ನಮ್ಮತ್ತೆಯ ಗಿಡ್ಡ ಕಂಬದ್ದೇ. ಆ ಕಾಲದ ಯೂರೋಪಿನ ಸ್ತ್ರೀಯರಿಗೆ ಸಂಚಿಯ ಚಿಂತೆ ಹತ್ತಿದ್ದುದಕ್ಕೂ ಕಾರಣವಿತ್ತು. ಹದಿನೆಂಟನೆಯ ಶತಮಾನದ ಕೊನೆಗೆ, ಲಂಗದೊಳಗೆ ಜೇಬನ್ನು ಕಟ್ಟಿಕೊಳ್ಳುವುದಕ್ಕೆ ಅವಕಾಶವಿಲ್ಲದಂಥ ತೆಳ್ಳನೆಯ ನೇರವಾದ ಉಡುಪು ರೂಢಿಗೆ ಬಂದುದರಿಂದ, ಜೇಬು ಕೈಗೆ ಬಂದು ತೂಗಿತು. ಅದನ್ನು ‘ರೆಟಿಕ್ಯೂಲ್’ ಎಂದರು. ಚಿಕ್ಕ ಬಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರು. ಹಣವಿಡುವ ಹೆಣಿಗೆಯ ಸಂಚಿಗೆ ನಮ್ಮ ಹಿಂದಿನವರು ಜಾಳಿಗೆ ಎನ್ನುತ್ತಿದ್ದುದನ್ನು ಇಲ್ಲಿ ನೆನೆಯದಿರುವುದು ಹೇಗೆ? ಒಂದನ್ನೊಂದು ಕಾಣದ ಎರಡು ಭಾಷೆಗಳು ಸಂಚಿಗೆ ಹೆಸರಿಡುವಾಗ ಬಲೆಯನ್ನೇ ನೆನೆದುವು.

ಆ ಡಚ್ ಪತ್ರಿಕೆ ಸಂಚಿಯನ್ನು ಹೆಣೆಯುವುದಕ್ಕೆ ವಿಧಿಸಿದ ಉಪಕರಣ ಟ್ಯಾಂಬೂರ್ ಸೂಜಿ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಮೇಲಿನಿಂದ ಚುಚ್ಚಿ, ಕೆಳಗಿನ ದಾರವನ್ನು ಕೊಕ್ಕೆಯಿಂದ ಸರಪಳಿ ಸರಪಳಿಯಾಗಿ ಎಳೆದುಕೊಳ್ಳುವ ಸೂಜಿ. ಆ ಕಸೂತಿ ಪೂರ್ವದೇಶಗಳಿಂದ ಯೂರೋಪಿಗೆ ಹೋಯಿತೆಂದೂ, ಬಟ್ಟೆಯ ಆಸರೆಯನ್ನು ಬಿಟ್ಟು ಅದೇ ಸರಪಳಿಯನ್ನು ಗಾಳಿಯಲ್ಲಿ ಹೆಣೆಯತೊಡಗಿದಾಗ ಕ್ರೋಶಾ ಹುಟ್ಟಿತೆಂದೂ ಕೆಲವು ವಿದ್ವಾಂಸರ ಅಭಿಪ್ರಾಯ. ನಮ್ಮ ಊರುಗಳಲ್ಲಿ ಮದುವೆಯ ರವಿಕೆಗಳಿಗೆ ‘ಆರಿ ವರ್ಕ್’ ಮಾಡುವವರ ಕೈಯಲ್ಲಿರುವ ಕೊಕ್ಕೆಸೂಜಿ ಇದರದೇ ಒಡಹುಟ್ಟು. ಮೊಮ್ಮಗಳ ತಾಯಿ ಅದೇ ಮದುವೆಗೆಂದು ಹೊಲಿಸಿದ ಆರಿಯ ರವಿಕೆಯನ್ನೂ ನನ್ನ ಅರೆಮುಗಿದ ಸಂಚಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡರಲ್ಲೂ ಅದೇ ಸರಪಳಿ.

ಕ್ರೋಶಾ ಎಲ್ಲ ಕಾಲದಲ್ಲಿಯೂ ಹೀಗೆ ವಿರಾಮದ ವಿನೋದವಾಗಿತ್ತೆಂದು ತಿಳಿಯಬಾರದು. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಘೋರ ಕ್ಷಾಮ ಬಂದಾಗ ಸಂನ್ಯಾಸಿನಿಯರ ಮಠಗಳೂ ಪರೋಪಕಾರಿ ಸ್ತ್ರೀಯರೂ ಬಡ ಹೆಂಗಸರಿಗೆ ಇದನ್ನು ಕಲಿಸಿ, ಹೆಣೆದ ಲೇಸನ್ನು ಮಾರಿ ಎಷ್ಟೋ ಸಂಸಾರಗಳ ಒಲೆ ಉರಿಯುವಂತೆ ಮಾಡಿದರು. ನಮ್ಮ ನೆರೆಯ ಆಂಧ್ರದಲ್ಲಿ, ಗೋದಾವರಿಯ ದಡದ ನರಸಾಪುರದ ಸುತ್ತಮುತ್ತ, ಕ್ರೈಸ್ತ ಮಿಷನರಿಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಕ್ರೋಶಾ ಲೇಸಿನ ಕೆಲಸ ಇಂದಿಗೂ ನಡೆದುಬಂದಿದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹೆಂಗಸರನ್ನು ಕುರಿತು 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹೊರದೇಶಗಳ ಮಾರುಕಟ್ಟೆಗೆ ದಿನವೆಲ್ಲ ಹೆಣೆಯುವವರನ್ನು ಮನೆಯಲ್ಲಿ ಸುಮ್ಮನೆ ಕುಳಿತ ಗೃಹಿಣಿಯರೆಂದೂ, ಅವರ ದುಡಿಮೆಯನ್ನು ಬಿಡುವಿನ ಕೆಲಸವೆಂದೂ ಕರೆದುದರಿಂದಲೇ ಅವರ ಕೂಲಿಯನ್ನು ಅಷ್ಟು ಕೆಳಗಿಡುವುದು ಸಾಧ್ಯವಾಯಿತೆಂಬುದು ಅವರ ವಾದ. ಈ ಮಾತು ಕುಚ್ಚು ಕಟ್ಟುವ ನಮ್ಮ ಹೆಂಗಸರಿಗೂ ಅನ್ವಯಿಸುವುದೆಂದು ನನಗೆ ತೋರುತ್ತದೆ. ಹತ್ತಾರು ಸಾವಿರದ ಸೀರೆಯನ್ನು ಚೌಕಾಶಿಯಿಲ್ಲದೆ ಕೊಂಡವರು ಕುಚ್ಚಿನ ಕೂಲಿಯ ಬಳಿ ಬಂದು ನಿಂತು ಐವತ್ತು ರೂಪಾಯಿಗೆ ವಾದಿಸುವುದನ್ನು ನಾನು ನೋಡಿದ್ದೇನೆ. ಒಂದು ಕಾಲದಲ್ಲಿ ನಾನೇ ವಾದಿಸಿದ್ದೇನೆ. ಬೆರಳಿನ ತುದಿ ಸವೆಯುವಂತೆ ಒಂದೂವರೆ ಸಾವಿರ ಕಂಬ ನೆಟ್ಟವರಿಗೆ ಆ ವಾದ ಮತ್ತೆ ನಾಲಿಗೆಗೆ ಬರುವುದಿಲ್ಲ.

ಸಂಚಿಯ ಬಾಯಿಗೆ ಬರೋಣ. ಲಾಡಿ ಪೋಣಿಸುವುದಕ್ಕೆ ಕಿಂಡಿಗಳು ಬೇಕು. ಒಂದು ಉದ್ದ ಕಂಬ, ಒಂದು ಸರಪಳಿ, ಕೆಳಗೊಂದು ಮನೆ ಖಾಲಿ, ಹೀಗೆ ಸುತ್ತಿ ಬಂದರೆ ಅರವತ್ತಕ್ಕೆ ಮೂವತ್ತು ಕಿಂಡಿಗಳಾಗುತ್ತವೆ. ಅದರ ಮೇಲೆ ಒಂದು ಸುತ್ತು ಗಿಡ್ಡ ಕಂಬ, ಆಮೇಲೆ ಕೆನೆಬಣ್ಣದ ದಾರದಲ್ಲಿ ಅಂಚು: ಒಂದು ಗಿಡ್ಡ ಕಂಬ ಹಾಕಿ, ಎರಡು ಮನೆ ಬಿಟ್ಟು, ಮೂರನೆಯದರಲ್ಲಿ ಐದು ಉದ್ದ ಕಂಬಗಳನ್ನು ಒಟ್ಟಿಗೆ ನೆಟ್ಟು, ಮತ್ತೆ ಎರಡು ಬಿಟ್ಟರೆ ಬೀಸಣಿಗೆಯಂಥ ಒಂದು ಎಸಳು. ಎಸಳಿಗೆ ಆರು ಮನೆಯಂತೆ ಸರಿಯಾಗಿ ಹತ್ತು ಎಸಳು ಬಂದು, ಒಂದೂ ಹೆಚ್ಚದೆ ಒಂದೂ ಕಡಮೆಯಾಗದೆ ಸುತ್ತು ಕೂಡಿಕೊಂಡಿತು. ಲಾಡಿಗೆ ಬರಿಯ ಸರಪಳಿ ಸಾಲದು, ಎಳೆದಂತೆ ಉದ್ದವಾಗುತ್ತ ಹೋಗುತ್ತದೆ. ಅದರ ಮೇಲೆ ಒಂದು ಸಾಲು ಗಿಡ್ಡ ಕಂಬ ಹಾಕಿದರೆ ನಿಲ್ಲುತ್ತದೆ. ತುದಿಗಳಿಗೆ ಎರಡು ಕುಚ್ಚು. ಹಿಡಿಯನ್ನು ಮುಂಗೈಗೆ ತೂಗುವಷ್ಟೇ ಗಿಡ್ಡಗೆ ಮಾಡಿದೆ. ಆಡುವ ಮಕ್ಕಳ ಕೊರಳಿಗೆ ಉದ್ದನೆಯ ದಾರ ಸುತ್ತುವಂತಿರಬಾರದು. ಇನ್ನೂ ಚಿಕ್ಕ ಕೂಸು ಮನೆಯಲ್ಲಿದ್ದರೆ, ಕಿತ್ತು ಬಾಯಿಗೆ ಹಾಕಿಕೊಳ್ಳಬಹುದಾದ ಮಣಿಗಳನ್ನೂ ಹೊಲಿಯಬಾರದು.

ಒಳಗೆ ಅಸ್ತರಿ ಇಲ್ಲದಿದ್ದರೆ ಹೆಣಿಗೆಯ ಸಂದಿನಲ್ಲಿ ಪೆನ್ಸಿಲಿನ ಮೊನೆ ತೂರುತ್ತದೆ, ಸಣ್ಣ ಮುತ್ತು ಜಾರುತ್ತದೆ. ನಮ್ಮತ್ತೆಯ ಪೆಟ್ಟಿಗೆಯಿಂದ ನನ್ನ ಪಾಲಿಗೆ ಬಂದಿದ್ದ ಗುಳೇದಗುಡ್ಡದ ಖಣದ ತುಂಡೊಂದಿತ್ತು. ಕಡುನೀಲಿಯ ಮೇಲೆ ಸಣ್ಣ ಬುಟ್ಟಾ. ಅದನ್ನು ಒಳಗಿಟ್ಟು ಕಿಂಡಿಗಳ ಕೆಳಗೆ ಕೈಹೊಲಿಗೆ ಹಾಕಿ, ದಾರದ ಕೊನೆಗಳನ್ನು ಸೂಜಿಯಿಂದ ಹೆಣಿಗೆಯೊಳಗೆ ಒಮ್ಮೆ ಅತ್ತ ಒಮ್ಮೆ ಇತ್ತ ಹಾಯಿಸಿ ಅಡಗಿಸಿದೆ. ಈ ಕಡೆಯ ಕೆಲಸದಲ್ಲಿ ಸೋಮಾರಿತನ ಮಾಡಿದವರ ಸಂಚಿ ಮೂರನೆಯ ದಿನಕ್ಕೇ ಬಿಚ್ಚಿಕೊಳ್ಳುತ್ತದೆ.

ಮದುವೆಯ ಮಂಟಪದಲ್ಲಿ ಮುಹೂರ್ತಕ್ಕೆ ಇನ್ನೂ ಬಹಳ ಹೊತ್ತಿತ್ತು. ಮೊಮ್ಮಗಳು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, ತನ್ನ ಆಸ್ತಿಯನ್ನೆಲ್ಲ ಮಡಿಲಿಗೆ ಸುರಿದುಕೊಂಡು, ಬರಿದಾದ ಸಂಚಿಯನ್ನು ಬೋರಲು ಹಿಡಿದು, ತಳದ ಸುತ್ತುಗಳ ಮೇಲೆ ಬೆರಳಾಡಿಸುತ್ತ ಮಗ್ಗಿ ಹೇಳತೊಡಗಿದಳು. ಹೆಣೆಯುವಾಗ ನಾನು ಗುನುಗಿದ್ದು ಆಕೆಯ ಕಿವಿಗೆ ಬಿದ್ದಿದ್ದಿತೆಂದು ಕಾಣುತ್ತದೆ. ಆರೇಳನ್ನು ಮುಟ್ಟಿದಾಗ ತಡೆದು, ತುಟಿ ಬಿಗಿದು, ಮತ್ತೊಮ್ಮೆ ಮೊದಲಿನಿಂದ ಎಣಿಸಿದಳು.

“ಅಜ್ಜೀ, ಆರೇಳ್ಲ ನಲವತ್ತೆರಡು ತಾನೆ?”

“ಹೌದಲ್ಲೇ ಪುಟ್ಟಾ.”

“ಇಲ್ಲಿ ನಲವತ್ತ್ಮೂರಿದೆ.”

ಏಳನೆಯ ಸುತ್ತಿನಲ್ಲಿ ಒಂದು ಹೆಚ್ಚಾಗಿತ್ತು. ಬಿಚ್ಚುವುದಕ್ಕೆ ಬೇಸರಪಟ್ಟು, ಎಂಟನೆಯದರಲ್ಲಿ ಒಂದು ಜೋಡಿಯನ್ನು ಕೈಬಿಟ್ಟು ಲೆಕ್ಕ ಸರಿದೂಗಿಸಿದ್ದೆ. ನಮ್ಮತ್ತೆಯಾಗಿದ್ದರೆ ಅಷ್ಟನ್ನೂ ಬಿಚ್ಚಿಸುತ್ತಿದ್ದರು. ನಾನು ಉತ್ತರ ಹುಡುಕುತ್ತಿರುವಷ್ಟರಲ್ಲಿ ಓಲಗ ಜೋರಾಯಿತು. ಆಕೆ ಕವಡೆಗಳನ್ನು ಬೇಗಬೇಗ ಸಂಚಿಗೆ ತುಂಬಿ, ಲಾಡಿ ಎಳೆದು ಬಿಗಿದು, ಅಕ್ಷತೆ ಇಸಕೊಳ್ಳಲು ಓಡಿದಳು.